ತಲೆಗಡೆಯ ಹಸಿರು ಸೆರಗು

ಗೌರಿ, ನಿನ್ನ ಕೌದಿಯ ತಲೆಗಡೆ ಹೊಲಿದಿರುವ ಹಸಿರು ಸೆರಗು ನಿನ್ನ ಅವ್ವನದಲ್ಲ. ನನ್ನದು. ನಾಲ್ಕು ವರ್ಷದಿಂದ ನೀನು ಮುಖವಿಟ್ಟು ಮಲಗುತ್ತಿರುವುದು ನನ್ನ ಹಳೆಯ ಸೀರೆಯ ಮೇಲೆ. ಗೊತ್ತಿದ್ದೂ ನಾನು ಹೇಳಲಿಲ್ಲ.

ಎದುರಿಗೆ ಕೂತು ಹೇಳಹೊರಟರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ — ಎರಡು ಸಲ ನೋಡಿಯಾಗಿದೆ. ಎರಡು ಸಲವೂ ಕಾಫಿ ಕುಡಿಯುತ್ತೀಯಾ ಎಂದು ಕೇಳಿ ಒಳಗೆ ಎದ್ದುಹೋದೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಣಸೂರಿನ ನಮ್ಮ ಮನೆ ನಿನಗೆ ಗೊತ್ತಲ್ಲ. ಹಳೆ ಬಟ್ಟೆ ತಂದವರಿಗೆಲ್ಲ ಕೌದಿ ಹೊಲಿದುಕೊಡುತ್ತೇನೆ ಎಂದು ಒಪ್ಪಿಕೊಳ್ಳುವುದು ನನ್ನ ಚಟ. ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯುವುದು ನನ್ನ ಜಾಯಮಾನದಲ್ಲೇ ಇಲ್ಲ. ನಡುಮನೆಯಲ್ಲಿ ಒಂದು ಹಾಸಿರುತ್ತದೆ, ಮಂಚದ ಮೇಲೆ ಅರ್ಧ ಹೊಲಿದದ್ದೊಂದು, ಹಗ್ಗದ ಮೇಲೆ ಇನ್ನೂ ಎರಡು. ನಿನ್ನ ಚಿಕ್ಕಪ್ಪ ಬಾಗಿಲಲ್ಲೇ ನಿಂತು, "ಊರೋರ್ ಮೈಮೇಲಿನ್ ಬಟ್ಟೆಯೆಲ್ಲ ನಮ್ಮನೇಲೇ ಬಿದ್ದದೆ ಕಣಮ್ಮಿ, ನಾನೆಲ್ಲಿ ಕಾಲ್ ಮಡಗ್ಲಿ?" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಕೌದಿ ಕಲಿಸುವಾಗ ನನ್ನ ಅತ್ತೆ ಒಂದೇ ಕಟ್ಟಳೆ ಹಾಕಿದ್ದರು: ಒಂದು ಮನೆಯ ಬಟ್ಟೆ ಇನ್ನೊಂದು ಮನೆಯ ಬಟ್ಟೆಯ ಜೊತೆ ಬೆರೆಯಬಾರದು, ಯಾರ ಗಂಟು ಯಾರದೋ ಹಾಗೇ ಇರಲಿ. ನಾನು ಅತಿ ಜಾಣೆ. ಗಂಟುಗಳನ್ನೆಲ್ಲ ಬಿಚ್ಚಿ ಬಣ್ಣಬಣ್ಣಕ್ಕೆ ಬೇರೆ ಗುಡ್ಡೆ ಹಾಕಿದೆ. ಮಧ್ಯಾಹ್ನ ಗಾಜಿನ ಹೆಂಚಿನಿಂದ ಬಿಸಿಲು ಇಳಿದು ಆ ಗುಡ್ಡೆಗಳ ಮೇಲೆ ಮೆಲ್ಲಗೆ ಸರಿಯುವುದನ್ನು ನೋಡುತ್ತ ಕೂತರೆ — ಯಾವುದು ಯಾರದು ಎನ್ನುವುದೇ ಮರೆತುಹೋಗುತ್ತಿತ್ತು. ನೀಲಿ ಇನ್ನೊಂದು ನೀಲಿಯನ್ನು ಕರೆಯುತ್ತಿತ್ತು, ಕೆಂಪು ಹಳದಿಯ ಪಕ್ಕಕ್ಕೆ ತಾನೇ ಹೋಗಿ ಕೂರುತ್ತಿತ್ತು, ನನ್ನ ಕೈ ಅರೆನಿದ್ದೆಯಲ್ಲಿರುವ ಹಾಗೆ ಅವುಗಳ ಹಿಂದೆ ಹೋಗುತ್ತಿತ್ತು. ಆ ಸುಖವನ್ನು ಈಗಲೂ ಸುಳ್ಳೆನ್ನಲಾರೆ.

ಅಂಥದೊಂದು ಮಧ್ಯಾಹ್ನ ಮಿರ್ಲೆಯ ಮೇಷ್ಟರ ಮನೆಯ ಕೌದಿಗೆ ಹಸಿರು ಬೇಕಾಯಿತು. ಗುಡ್ಡೆಯಿಂದ ಎಳೆದೆ, ಕತ್ತರಿಸಿದೆ, ಮೂರು ಮೂಲೆಯ ತುಂಡುಗಳನ್ನು ಮಾಡಿ ಅಂಚಿನ ಸುತ್ತ ಹೊಲಿದೆ. ಅದು ನಿನ್ನವ್ವನ ಸೀರೆ. ಅವಳು ತೀರಿಕೊಂಡ ತಿಂಗಳಿಗೆ ನೀನು ಎದೆಗವಚಿಕೊಂಡು ತಂದು, ಸೆರಗು ಮಾತ್ರ ಇಡಿಯಾಗಿ ತಲೆಗಡೆ ಬರಲಿ ಎಂದು ನನ್ನ ಕೈಗೆ ಕೊಟ್ಟುಹೋದದ್ದು. ಕೌದಿ ಒಯ್ಯಲು ಬರುತ್ತೇನೆಂದು ನೀನು ಫೋನು ಮಾಡಿದ ಮೇಲೆ ಗುಡ್ಡೆ ಕೆದಕಿದೆ. ಇರಲಿಲ್ಲ. ಮಿರ್ಲೆಯ ಕೌದಿ ಆಗಲೇ ಮಿರ್ಲೆ ಸೇರಿತ್ತು.

ಬಸ್ಸು ಹತ್ತಿ ಹೋಗಿ ಕೇಳಬಹುದಿತ್ತು. ನಿನಗೆ ಹೇಳಿ ಬೈಸಿಕೊಳ್ಳಬಹುದಿತ್ತು. ನಾನು ಟ್ರಂಕು ತೆಗೆದೆ. ನಾನೂ ನಿನ್ನವ್ವನೂ ಹೊಗೆಸೊಪ್ಪಿನ ಎಲೆ ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮಾಲೀಕರು ಹಬ್ಬಕ್ಕೆ ಹೆಂಗಸರಿಗೆಲ್ಲ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ಹಂಚುತ್ತಿದ್ದರು. ಎಲ್ಲರೂ ಉಟ್ಟು ಬಂದರೆ ಇಸ್ಕೂಲು ಮಕ್ಕಳ ಹಾಗೆ ಕಾಣುತ್ತೇವೆಂದು ನಿನ್ನವ್ವ ನಕ್ಕೂ ನಕ್ಕೂ ಸುಸ್ತಾಗುತ್ತಿದ್ದಳು. ಆ ಹಸಿರು ನನ್ನ ಹತ್ತಿರವೂ ಇತ್ತು. ಸೆರಗು ಕತ್ತರಿಸಿ ಹೊಲಿದೆ. ಒಂದೇ ಸೀರೆ ತಾನೇ, ಒಂದೇ ಸೀರೆ ತಾನೇ — ಪ್ರತಿ ಹೊಲಿಗೆಗೂ ಅದನ್ನೇ ಹೇಳಿಕೊಂಡೆ.

ನೀನು ಬಂದೆ. ಕೌದಿಯನ್ನು ಪೂರ್ತಿ ಬಿಡಿಸಲೂ ಇಲ್ಲ, ಸೆರಗಿಗೆ ಮುಖ ಒತ್ತಿದೆ. ನನಗೋ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ, ಬಾಯಿ ಬಿಡುವುದರಲ್ಲಿದ್ದೆ. ಅಷ್ಟರಲ್ಲಿ ನೀನು ತಲೆ ಎತ್ತಿದೆ.

"ಅವ್ವನ್ ವಾಸ್ನೆ ಅಂಗೇ ಅದೆ ಕಣ್ ಚಿಕ್ಕವ್ವ. ಇದನ್ನ ಯಾವತ್ತೂ ನೀರ್ಗಾಕಕಿಲ್ಲ. ಒಗುದ್ರೆ ಅವ್ವ ಒಂಟೋಯ್ತಾಳೆ."

ಅದು ಹೊಗೆಸೊಪ್ಪಿನ ವಾಸನೆ, ಗೌರಿ. ಎಲೆ ಮುಟ್ಟಿದ ಹೆಂಗಸರೆಲ್ಲರ ಸೀರೆಯಲ್ಲೂ ಅದೇ ಇರುತ್ತದೆ — ನಿನ್ನವ್ವನದರಲ್ಲಿ, ನನ್ನದರಲ್ಲಿ, ನಮ್ಮ ಸಾಲಿನಲ್ಲಿ ಕೂತ ಎಲ್ಲರದರಲ್ಲೂ. ಹೇಳಬೇಕಿತ್ತು. ಹೇಳಲಿಲ್ಲ, ಅದೂ ಭಯಕ್ಕಲ್ಲ. ಬಟ್ಟೆ ಕತ್ತರಿಸಿದ್ದು ಕೈತಪ್ಪು; ನಿಜವಾದ ತಪ್ಪು ಆ ಗಳಿಗೆಯದು. ನನಗೆ ಸಂತೋಷವಾಯಿತು. ನನ್ನ ಇಬ್ಬರು ಗಂಡುಮಕ್ಕಳು ಆ ವಾಸನೆಗೆ ಮೂಗು ಮುಚ್ಚಿಕೊಂಡು ದೂರ ಕೂರುತ್ತಿದ್ದವರು. ನನ್ನ ಸೀರೆಯಲ್ಲಿ ಮುಖವಿಟ್ಟು ಒಬ್ಬಳು ಅವ್ವ ಎಂದಳಲ್ಲ — ಸತ್ತ ಗೆಳತಿಗೆ ಸೇರಬೇಕಾದ ಆ ಮಾತನ್ನು ನಾನು ಇಟ್ಟುಕೊಂಡೆ. ಆಮೇಲೆ ಎಷ್ಟೋ ಮಧ್ಯಾಹ್ನ ಸೂಜಿ ಹಿಡಿದು ಕೂತಾಗ ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ.

ಹೋದ ವಾರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು ಕೂತೆ. "ಎಂಟಕ್ಕೆ ಬಿತ್ತು ಚಿಕ್ಕವ್ವ. ಮೊದುಲ್ ಮಗೀಗೆ ಅದ್ರ ತಾಯಿ ಕಡೆ ಅಜ್ಜಿ ಸೀರೇಲೇ ತೊಟ್ಲ ಕೌದಿ ಆಗ್ಬೇಕಲ್ವಾ. ಆ ಸೆರಗ್ ಬಿಚ್ಚಿ ಒಲ್ಕೊಡು, ಬುಧುವಾರ ತತ್ತೀನಿ." ಹೂಂ ಎಂದೆ. ನೀನು ಹೋದ ಮೇಲೆ ಸೂಜಿಗೆ ದಾರ ಪೋಣಿಸಿ, ಮತ್ತೆ ಎಳೆದು ತೆಗೆದೆ. ನಿನಗೆ ಹೇಳಿದ ಸುಳ್ಳನ್ನು ಇನ್ನೂ ಹುಟ್ಟದ ಮಗುವಿಗೂ ಹೊದಿಸುವುದು ನನ್ನಿಂದಾಗದು.

ಮೊನ್ನೆ ಮಿರ್ಲೆಗೆ ಹೋಗಿಬಂದೆ. ಮೇಷ್ಟರ ಹೆಂಡತಿ ನಾನು ಹೇಳಿದ್ದನ್ನೆಲ್ಲ ಕೇಳಿ ಕೌದಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು. "ಬಿಚ್ಕಳಿ. ತಾಯಿ ಸೀರೆ ಅಂದ್ಮೇಲೆ ನಾವು ಎಂಗ್ ಒದ್ಕಳದು?" ಎಂದರು. ಅವರ ಜಗಲಿಯಲ್ಲೇ ಕೂತು ಒಂದೊಂದೇ ತುಂಡು ಬಿಚ್ಚಿದೆ. ನಾಲೆಯ ನೀರಿನಲ್ಲಿ ಒಗೆದೂ ಒಗೆದೂ ಹಸಿರು ಬೂದಿಬಣ್ಣಕ್ಕೆ ತಿರುಗಿದೆ. ಮೂಸಿ ನೋಡಿದೆ. ಸೋಪು, ಬಿಸಿಲು — ಅಷ್ಟೇ. ನಿನ್ನವ್ವ ಅದರಲ್ಲಿದ್ದಳು, ಹೋದದ್ದು ನನ್ನಿಂದ. ತುಂಡುಗಳನ್ನು ಹಿಂದಕ್ಕೆ ಕೊಡಬಲ್ಲೆ, ಅವಳನ್ನು ಕೊಡಲಾರೆ. ಈ ಕಾಗದದಿಂದ ನಿನ್ನ ಹತ್ತಿರ ಉಳಿದಿದ್ದ ವಾಸನೆಯನ್ನೂ ಕಿತ್ತುಕೊಳ್ಳುತ್ತಿದ್ದೇನೆ ಎನ್ನುವುದೂ ಗೊತ್ತು.

ಬುಧವಾರದವರೆಗೆ ಕಾಯುವುದಿಲ್ಲ. ನಾಳೆ ಪಿರಿಯಾಪಟ್ಟಣದ ಬಸ್ಸು ಹತ್ತಿ ನಾನೇ ಬಂದು ಈ ಕಾಗದವನ್ನೂ ಆ ತುಂಡುಗಳನ್ನೂ ನಿನ್ನ ಕೈಗೆ ಕೊಡುತ್ತೇನೆ. ನೀನು ಈ ಸಾಲು ಓದುವಾಗ ನಿನ್ನ ಹೊಸ್ತಿಲಾಚೆ ನಿಂತಿರುತ್ತೇನೆ. ಒಳಗೆ ಬಾ ಎಂದರೆ ಬರುತ್ತೇನೆ. ಅನ್ನದಿದ್ದರೆ, ಬಾಗಿಲು ಹಾಕಿಕೋ.