ಗೌರಿ ದಾಟಿದ ಹೊಸ್ತಿಲು

ಇದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಮನಸ್ಸು ಹೆಣೆದದ್ದೆಷ್ಟು ಎಂದು ಖಾತ್ರಿಯಾಗಿ ಹೇಳಲಾರೆ. ಐದು ವರ್ಷದ ಹುಡುಗನ ನೆನಪನ್ನು ಪೂರಾ ನಂಬಬಾರದು ಎಂದು ಧಾರವಾಡದಲ್ಲಿ ಓದುವಾಗಲೇ ಕಲಿತಿದ್ದೇನೆ. ಆದರೂ ಎಲ್ಲಿಯಾದರೂ ಬಿಸಿ ಹರಳೆಣ್ಣೆಯ ವಾಸನೆ ಬಂದರೆ ಸಾಕು, ಸವಣೂರಿನ ನಮ್ಮ ಬಚ್ಚಲುಮನೆ ಎದ್ದು ಬರುತ್ತದೆ. ಆಯಿ, ಅಂದರೆ ಅಪ್ಪನ ತಾಯಿ, ಕಾಲು ಚಾಚಿ ಕೂತು, ಕಾಲುಗಳ ಮೇಲೆ ನನ್ನ ತಂಗಿ ಗೌರಿಯನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನೆತ್ತಿಯ ಮೆತ್ತನೆಯ ಜಾಗ ಅವಳ ಬೆರಳಿನಡಿ ಮಿಡಿಯುತ್ತಿತ್ತು. ಒಮ್ಮೆ ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟು, ಒಳಗೆ ಬುದ್ಧಿ ಬೆಳೆಯುತ್ತಿದೆ, ಮೆಲ್ಲಗೆ ಮುಟ್ಟು ಎಂದಿದ್ದಳು. ಆ ಮಿಡಿತ ಇಂದಿಗೂ ತೋರುಬೆರಳ ತುದಿಯಲ್ಲಿದೆ ಎನಿಸುತ್ತದೆ. ಎನಿಸುತ್ತದೆ, ಅಷ್ಟೇ.

ಹತ್ತು ತಿಂಗಳಾದರೂ ಗೌರಿಯ ಕುತ್ತಿಗೆ ನಿಂತಿರಲಿಲ್ಲ. ಬೋರಲು ಬೀಳಲಿಲ್ಲ, ಕೂರಲಿಲ್ಲ. ಗಿಲಕಿ ಆಡಿಸಿದರೆ ಕಣ್ಣು ಹೊರಳಿಸಿ ನಗುತ್ತಿದ್ದಳು. ಎದುರುಮನೆಯಲ್ಲಿ ಖಾರಾ ಕರಿದು ಮಾರುತ್ತಿದ್ದ ಹಸೀನಾ ಖಾಲಾನ ಮಗ, ಗೌರಿಗಿಂತ ತಿಂಗಳು ಚಿಕ್ಕವನು, ಆಗಲೇ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವನನ್ನು ಕಂಡರೆ ಅವ್ವ ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದಳು. ಉಗಾದಿ ಮುಗಿಯಲಿ, ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದಿದ್ದ ಅಪ್ಪ.

ಕೂಸು ತಾನಾಗಿ ಹೊಸ್ತಿಲು ದಾಟಿದ ದಿನ ಹೂರಣಗಡಬು ಮಾಡಿ ಓಣಿಗೆಲ್ಲ ಹಂಚುವುದು ನಮ್ಮಲ್ಲಿ ಪದ್ಧತಿ. ಹಬ್ಬಕ್ಕೆ ಎರಡು ದಿನ ಮೊದಲು, ಪಡಸಾಲೆಯಲ್ಲಿ ಯಾರೂ ಇಲ್ಲದಾಗ, ನಾನು ಗೌರಿಯನ್ನು ಎದೆಗವಚಿ ಎತ್ತಿ ಹೊಸ್ತಿಲಾಚೆ ಮಲಗಿಸಿದೆ. ಕೂಸು ದಾಟಿತು ಎಂದು ಮನೆಯೆಲ್ಲ ಸಾರಿದೆ. ಅವ್ವ ಅತ್ತಳು. ಆಯಿ ಏನೂ ಕೇಳದೆ ಕಡಲೆಬೇಳೆ ಬೇಯಲಿಟ್ಟಳು. ಮರುದಿನ ಮಾಮ ಬಂದು ನನ್ನನ್ನು ಹಬ್ಬಕ್ಕೆಂದು ಹಂಸಭಾವಿಗೆ ಕರೆದೊಯ್ದ. ಬೇಸಿಗೆ ಕಳೆದು ಮರಳಿದಾಗ ಹುಬ್ಬಳ್ಳಿಯ ಮಾತನ್ನು ಯಾರೂ ಎತ್ತಲಿಲ್ಲ.

ಗೌರಿ ನಡೆಯಲೇ ಇಲ್ಲ. ಏಳು ವರ್ಷ ನಮ್ಮ ತೊಡೆಗಳ ಮೇಲೆ ಬದುಕಿ ಹೋದಳು. ಮೊದಲ ವರ್ಷ ಮಿದುಳು ಎಷ್ಟು ಬೇಗ ಬೆಳೆಯುತ್ತದೆ, ಆಗಲೇ ಆರೈಕೆ ಸಿಕ್ಕರೆ ಎಷ್ಟು ಉಪಯೋಗ ಎಂದು ಮುಂದೆ ಓದಿದಾಗ ನನಗೆ ಅನ್ನ ಸೇರಲಿಲ್ಲ. ನನ್ನ ಸುಳ್ಳನ್ನು ನಂಬಿಯೇ ಅವರು ಡಾಕ್ಟರ ಬಳಿ ಹೋಗಲಿಲ್ಲ ಅಂದುಕೊಂಡೆ. ಕೇಳುವ ಧೈರ್ಯ ಬರುವಷ್ಟರಲ್ಲಿ ಆಯಿ, ಅಪ್ಪ, ಅವ್ವ ಮೂವರೂ ಹೋಗಿದ್ದರು.

ಹೋದ ವರ್ಷ ಸವಣೂರಿಗೆ ಹೋದೆ. ನಮ್ಮ ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಖಾಲಾ ಮಾತ್ರ ತನ್ನ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಮುಂದೆ ಎಲ್ಲ ಹೇಳಿಕೊಂಡೆ.

"ಇಷ್ಟು ಓದಿ ಇಷ್ಟೂ ಖಬರಿಲ್ಲೇನೋ ಬೇಟಾ," ಎಂದು ನಕ್ಕಳು. "ನೀ ಎತ್ತಿ ಇಟ್ಟಿದ್ದನ್ನ ಇಲ್ಲೇ ಕುಂತು ನಾ ನೋಡೇನಿ. ನಿಮ್ಮ ಆಯೀನೂ ಒಳಗಿಂದ ನೋಡ್ಯಾಳ."

"ಮತ್ತ ಕಡಬು ಯಾಕ ಹಂಚಿದ್ಳು?"

"ನಾನೂ ಹಂಗ ಕೇಳಿದ್ನಿ. 'ಹುಡುಗ ಕುಣಿಯಾಕತ್ತಾನ, ಅಲ್ಲ ಅನ್ನೂದು ಯಾಕ. ಆಕಿ ಹೆಸರಿಲೆ ಒಮ್ಮೆರ ಓಣಿ ಬಾಯಿ ಸಿಹಿ ಆಗ್ಲಿ' ಅಂದ್ಳು. ಹಬ್ಬದ ಮರುದಿನಾನ ಕೂಸಿನ್ನ ಕಟಗೊಂಡು ಹುಬ್ಬಳ್ಳಿಗೆ ಹೋದ್ರು."

ಅವಳ ಮುಪ್ಪಿನ ನೆನಪನ್ನೂ ನಾನು ನಂಬಲಿಲ್ಲ. ಮನೆಗೆ ಬಂದವನೇ ಅವ್ವನ ಟ್ರಂಕು ತೆಗೆದೆ. ತಳದಲ್ಲಿ ಗೌರಿಯ ಕುಲಾವಿ ಇತ್ತು, ಅದರೊಳಗೆ ನಾಲ್ಕಾಗಿ ಮಡಚಿಟ್ಟ ಹುಬ್ಬಳ್ಳಿಯ ಡಾಕ್ಟರ ಚೀಟಿ. ಆ ವರ್ಷದ ಪಂಚಾಂಗ ಹುಡುಕಿ ತಾರೀಖನ್ನು ಎರಡು ಸಲ ತಾಳೆ ನೋಡಿದೆ. ಉಗಾದಿಯ ಮರುದಿನದ್ದೇ.