ಕೊಕ್ಕನೂರು ತಂಡಕ್ಕೆ ರೊಟ್ಟಿ ಬಡಿದವಳು

ಬೀದಿ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು ಬರುವುದು, ಒಲೆಯ ಬೂದಿ ತೆಗೆಯುವುದು, ಅಂಗಳಕ್ಕೆ ಸೆಗಣಿ ನೀರು ಹಾಕಿ ರಂಗೋಲಿ ಎಳೆಯುವುದು, ಎಮ್ಮೆಯ ಕೊಟ್ಟಿಗೆ ಬಳಿದು ಹಾಲು ಕರೆಯುವುದು, ಹಂಡೆ ತುಂಬಿ ಉರಿ ಹಾಕುವುದು, ಅತ್ತೆಯ ಲಿಂಗಪೂಜೆಗೆ ನೀರು, ಪತ್ರೆ, ವಿಭೂತಿ ಜೋಡಿಸುವುದು, ಮೊಸರು ಕಡೆಯುವುದು. ಬೆಳಕು ಹರಿಯುವುದರೊಳಗೆ ಬಸವಣ್ಣೆಮ್ಮ ದಿನವೂ ಮುಗಿಸುತ್ತಿದ್ದ ಕೆಲಸ ಇಷ್ಟು. ಆ ಭಾನುವಾರ ಇದರ ಮೇಲೆ ಅರವತ್ತು ಜೋಳದ ರೊಟ್ಟಿ. ಭಾನುವಾರ ಗಿರಣಿಗೆ ರಜೆ, ಗಿರಣಿಯ ಸೈರನ್ನಿಗೂ ರಜೆ; ಗಂಡ ಕಲ್ಲೇಶಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ರೊಟ್ಟಿ ಬಡಿಯುವ ಸದ್ದಿಗೆ ಒಮ್ಮೆ ಮಗ್ಗುಲು ಬದಲಿಸಿದ, ಅಷ್ಟೆ.

ಅರವತ್ತು ರೊಟ್ಟಿಗೆ ಕಾರಣವಿತ್ತು. ಅಂದು ಸಂಜೆ ನಾಲ್ಕಕ್ಕೆ ಹೈಸ್ಕೂಲು ಬಯಲಿನಲ್ಲಿ ಕಬಡ್ಡಿಯ ಕೊನೆಯ ಪಂದ್ಯ. ಒಂದು ಕಡೆ ಅವಳ ತವರು ಕೊಕ್ಕನೂರು, ಇನ್ನೊಂದು ಕಡೆ ಅವಳ ಗಂಡ ದುಡಿಯುವ ಗಿರಣಿಯ ತಂಡ. ಕೊಕ್ಕನೂರಿನವರದು ಒಂದು ಪದ್ಧತಿ. ಆಟಕ್ಕೆಂದು ಬೇರೆ ಊರಿಗೆ ಹೋದವರು ಖಾನಾವಳಿಯಲ್ಲಿ ಉಣ್ಣುವಂತಿಲ್ಲ, ಆ ಊರಿಗೆ ಕೊಟ್ಟ ತಮ್ಮೂರ ಹೆಣ್ಣುಮಗಳ ಮನೆಯಲ್ಲೇ ಉಣ್ಣಬೇಕು. ಇಲ್ಲದಿದ್ದರೆ ಅವಳಿಗೆ ಅವಮಾನ. ಊಟವೂ ಆಟ ಮುಗಿದ ಮೇಲೆಯೇ. ಹೊಟ್ಟೆ ತುಂಬಿದವನು ದಮ್ಮು ಹಿಡಿಯಲಾರ. ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬೀಳಬೇಕು. ಗೌರವವೆಲ್ಲ ಹೆಣ್ಣುಮಗಳದು. ಹಿಟ್ಟು ನಾದುವ ರಟ್ಟೆಯೂ ಅವಳದೇ, ಹೊಗೆ ಕುಡಿಯುವ ಕಣ್ಣೂ ಅವಳದೇ.

ಏಳು ಆಟಗಾರರು, ಐದು ಮಂದಿ ಬದಲಿಯವರು, ಚೀಲ ಕಾಯಲೆಂದು ಬರುವವರು ಇಬ್ಬರು. ಹದಿನಾಲ್ಕು ಬಾಯಿಗೆ ಊಟ ಅಣಿಮಾಡಬೇಕೆಂದರೆ ನಾಲ್ಕಕ್ಕೆ ಅಡುಗೆಮನೆ ಹೊಗಬೇಕು. ನಾಲ್ಕಕ್ಕೇ ಆಟ ಶುರು. ಹೀಗಾಗಿ ಒಂಬತ್ತು ವರ್ಷದಿಂದ ತನ್ನೂರ ತಂಡಕ್ಕೆ ಉಣಬಡಿಸಿದ ಬಸವಣ್ಣೆಮ್ಮ, ಎರಡೇ ಬೀದಿ ಆಚೆ ನಡೆಯುವ ಅವರ ಆಟವನ್ನು ಒಮ್ಮೆಯೂ ನೋಡಿರಲಿಲ್ಲ.

ನೋಡದಿದ್ದರೇನು, ಅವಳಷ್ಟು ಕಬಡ್ಡಿ ತಿಳಿದವರು ಆ ಓಣಿಯಲ್ಲಿ ಇರಲಿಲ್ಲ. ಬಯಲಿನಿಂದ ಕೇಳಿಬರುವ ಕೂಗು ಉದ್ದವಾಗಿದ್ದರೆ ದಾಳಿಗೆ ಹೋದವನು ತಪ್ಪಿಸಿಕೊಂಡು ಬಂದ. ನಡುವೆಯೇ ಕತ್ತರಿಸಿದಂತೆ ನಿಂತರೆ ಸಿಕ್ಕಿಬಿದ್ದ. ಮೊಣಕೈ ತರಚಿಕೊಂಡು ಬಂದವನು ಅಂದು ಕಾಲು ಹಿಡಿದವನು. ಅಂಗಿಯ ಬೆನ್ನು ಹರಿದಿದ್ದರೆ ಗೆರೆಯ ಹತ್ತಿರ ಬಂದು ಸಿಕ್ಕವನು. ಜಂಬಯ್ಯ ಎಂಬ ದಪ್ಪ ಹುಡುಗ ಸೋತ ದಿನ ಆರು ರೊಟ್ಟಿ ತಿನ್ನುತ್ತಿದ್ದ, ಗೆದ್ದ ದಿನ ಮೂರೇ. ಗೆದ್ದ ದಿನ ಅವನ ಬಾಯಿಗೆ ಮಾತಾಡುವ ಕೆಲಸ ಹೆಚ್ಚು.

ಕಲ್ಲೇಶಪ್ಪ ಒಂದು ಆಟವನ್ನೂ ಬಿಟ್ಟವನಲ್ಲ. ಬಂದು ಹೇಳುವುದು ಮಾತ್ರ ಹೀಗೆ:

"ಭಾರಿ ಆತು ಇವತ್ತು. ಅಂಪೈರಿಗೂ ನಮ್ಮ ಗಿರಣಿ ಮೇಸ್ತ್ರಿಗೂ ಜಗಳ ಬಿತ್ತು. ಹಾರ ಒಂದು ಕಡಿಮಿ ತಂದಿದ್ರು, ಅದಕ್ಕೊಂದು ರಾದ್ಧಾಂತ."

"ಅದಿರ್ಲಿ, ಕಡೇ ದಾಳಿಗೆ ಹೋದೋರ್ಯಾರು? ಕಾಲು ಹಿಡಿದೋರ್ಯಾರು?"

"ಯಾರೋ ಹಿಡಿದ್ರು ಬಿಡೇ. ಅಷ್ಟು ಧೂಳಿನಾಗ ಯಾರ ಕಾಲು ಯಾವುದು ಅಂತ ದೇವ್ರಿಗೇ ಗೊತ್ತು."

"ದೇವ್ರು ರೊಟ್ಟಿ ಬಡಿಯಂಗಿಲ್ಲ, ಅದಕ್ಕೇ ನೋಡಾಕೆ ಪುರಸೊತ್ತು ಐತೆ."

ಕಾಲು ಯಾರು ಹಿಡಿದರೆಂದು ತಿಳಿಯಲು ಅವಳು ಮಾರನೆಯ ದಿನ ಹಿಂದಿನ ಓಣಿಯ ಹಜೀರಾಬೀಯನ್ನು ಕಾಯಬೇಕಿತ್ತು. ಹಜೀರಾಬೀ ಬಯಲಿನ ಅಂಚಿನಲ್ಲಿ ಮಂಡಕ್ಕಿ ಮಾರುವವಳು. ಸೇರಿನಲ್ಲಿ ಮಂಡಕ್ಕಿ ಅಳೆಯುತ್ತಲೇ ಅವಳ ಕಣ್ಣು ಆಟದ ಮೇಲಿರುತ್ತಿತ್ತು. "ನಿಮ್ಮ ಬೊಮ್ಮಣ್ಣ ಎಡಗಾಲು ಮೊದ್ಲು ಬಿಡ್ತಾನಕ್ಕಾ, ಅದಕ್ಕೇ ಸಿಗ್ತಾನೆ" ಎಂದು ನೆಟ್ಟಗೆ ಹೇಳುತ್ತಿದ್ದಳು. "ನಿನ್ನ ಪುಣ್ಯ ಮಾರಾಯ್ತಿ" ಎಂದು ಇವಳು ಅಂದರೆ ಅವಳು ನಗುತ್ತಿದ್ದಳು: "ಹೆಣ್ಣುಮಕ್ಕಳಿಗೆ ಕೂತು ನೋಡಾಕೂ ಒಂದು ಕೆಲಸ ಬೇಕಕ್ಕಾ. ಮುಂದ ಬುಟ್ಟಿ ಇದ್ರೆ ಯಾರೂ ಯಾಕ ಅಂತ ಕೇಳಂಗಿಲ್ಲ."

ಬಸವಣ್ಣೆಮ್ಮ ಹತ್ತು ವರ್ಷದವಳಿದ್ದಾಗ ಕೊಕ್ಕನೂರಿನ ಕಣದಲ್ಲಿ ಸ್ವತಃ ಆಡಿದ್ದಳು. ಹುಡುಗರು ಒಬ್ಬ ಕಡಿಮೆ ಬಿದ್ದಾಗಲೆಲ್ಲ ಅವಳನ್ನು ಕರೆಯುತ್ತಿದ್ದರು. ಅವಳ ದಮ್ಮು ಮುರಿಯುವ ಹೊತ್ತಿಗೆ ಎದುರಿನವರ ತಾಳ್ಮೆ ಮುರಿದಿರುತ್ತಿತ್ತು. ಹನ್ನೆರಡಾದ ಮೇಲೆ ಒಳಗೆ ಇಳಿಯಬಾರದು ಎಂದಾಯಿತು. ಬೂದಿಯಿಂದ ಗೆರೆ ಎಳೆದುಕೊಡುವ ಕೆಲಸ ಮಾತ್ರ ಉಳಿಯಿತು. ಆಗ ಚಿಕ್ಕಪ್ಪನ ಮಗ ಅಜ್ಜಪ್ಪ ಆರು ವರ್ಷದವನು. ಉಸಿರನ್ನು ಎದೆಯಲ್ಲಲ್ಲ, ಹೊಟ್ಟೆಯಲ್ಲಿ ಹಿಡಿಯಬೇಕೆಂದು ಅವನಿಗೆ ಹೇಳಿಕೊಟ್ಟವಳು ಇವಳು. ಅದೇ ಅಜ್ಜಪ್ಪ ಈಗ ತಂಡದ ನಾಯಕ.

ಹಿಂದಿನ ಭಾನುವಾರ ಅವನು ಆರನೆಯ ರೊಟ್ಟಿಗೆ ಕೈ ಅಡ್ಡ ಹಿಡಿದು, "ಸಾಕಕ್ಕಾ" ಎಂದ. ಆಮೇಲೆ ಮಂಡಿ ಒತ್ತಿಕೊಳ್ಳುತ್ತ, "ಬರೋ ವಾರದ್ದೇ ನನ್ನ ಕಡೇ ಆಟ. ಈ ಕಾಲು ಇನ್ನ ಒಪ್ಪಂಗಿಲ್ಲ. ನೀನು ಒಂದು ಸಲಾನೂ ನೋಡ್ಲಿಲ್ಲ ನೋಡು" ಎಂದ.

"ನಾನು ನೋಡಾಕೆ ಬಂದ್ರೆ ನಿಮಗೆ ಉಣ್ಣಾಕೆ ಹಾಕೋರ್ಯಾರೋ?"

ಹದಿನಾಲ್ಕು ಮಂದಿಯೂ ನಕ್ಕರು. ಅವಳೂ ನಕ್ಕಳು. ತಟ್ಟೆ ತೊಳೆಯಲು ಕೂತಾಗ ಆ ಮಾತಿನಲ್ಲಿ ನಗುವಂಥದ್ದು ಏನಿತ್ತೆಂದು ಅವಳಿಗೆ ಹೊಳೆಯಲಿಲ್ಲ. ಅದಕ್ಕೇ ಈ ಅರವತ್ತು ರೊಟ್ಟಿ, ನಸುಕಿನಲ್ಲೇ.

ಅತ್ತೆ ಅನ್ನಪೂರ್ಣಮ್ಮ ಪೂಜೆ ಮುಗಿಸಿ ಬಂದವಳು ಬುಟ್ಟಿಯ ಮೇಲಿನ ಬಟ್ಟೆ ಎತ್ತಿ ನೋಡಿದಳು.

"ಇದೇನೇ, ದಂಡಿಗೆ ಬುತ್ತಿ ಕಟ್ಟೀಯೇನು?"

"ಸಂಜೀಗೆ ಅತ್ತೀ. ಬಟ್ಟಿ ಸುತ್ತಿದ್ರೆ ಮೆತ್ತಗಿರ್ತಾವು. ಎಣ್ಣೆಗಾಯಿ, ಶೇಂಗಾ ಚಟ್ನಿ ಮಧ್ಯಾಹ್ನಕ್ಕೇ ಮಾಡಿಡ್ತೀನಿ. ನಾನು ಆಟ ನೋಡಾಕೆ ಹೋಗ್ತೀನಿ."

"ತವರಿನೋರಿಗೆ ಆರಿದ ರೊಟ್ಟೀನಾ? ಅನ್ನಪೂರ್ಣಮ್ಮನ ಮನ್ಯಾಗ ಒಲಿಗೆ ಕಟ್ಟಿಗಿ ಇರ್ಲಿಲ್ಲ ಅಂತ ಹರಿಹರದ ತನಕ ಆಡ್ಕೊಂತ ಹೋಗ್ತಾರೆ."

"ಒಂಬತ್ತು ವರ್ಷ ಬಿಸೀದೇ ತಿಂದಾರಲ್ರಿ."

ಮುದುಕಿ ಬುಟ್ಟಿಯ ಮೇಲೆ ಬಟ್ಟೆ ಮತ್ತೆ ಮುಚ್ಚಿದಳು. "ಹೋಗು. ಅರ್ಧ ನೋಡು. ನಡುವೆ ಸೀಟಿ ಊದ್ತಾರಂತಲ್ಲ, ಆಗ ಎದ್ದು ಬಂದು ಒಲಿ ಹಚ್ಚು. ಇವು ನಾಳೀಗೆ ನಮಗಾಗ್ತಾವು." ಅವಳ ಮಟ್ಟಿಗೆ ಅದು ಧಾರಾಳತನವೇ. ಅನ್ನಪೂರ್ಣಮ್ಮ ತನ್ನ ಆಯುಷ್ಯದಲ್ಲಿ ಯಾವುದನ್ನೂ ಅರ್ಧದಷ್ಟಾದರೂ ಕೂತು ನೋಡಿದವಳಲ್ಲ.

ಬಯಲಿನಲ್ಲಿ ಬಸವಣ್ಣೆಮ್ಮ ತಲೆ ತುಂಬ ಸೆರಗು ಹೊದ್ದು ಹಜೀರಾಬೀಯ ಬುಟ್ಟಿಯ ಹಿಂದೆ ಕೂತಳು. ಕೂತ ಸ್ವಲ್ಪ ಹೊತ್ತಿಗೇ ಅವಳ ಒಂಬತ್ತು ವರ್ಷದ ಲೆಕ್ಕಗಳು ಅರ್ಧ ಸರಿ, ಅರ್ಧ ತಪ್ಪು ಎಂದು ಗೊತ್ತಾಯಿತು. ಊಟಕ್ಕೆ ಕೂತಾಗ ಹುಲಿಯಂತೆ ಗರ್ಜಿಸುವ ಜಂಬಯ್ಯ ಇಲ್ಲಿ ಮೂಲೆಯಲ್ಲಿ ನಿಂತು, ಮೊದಲ ದಾಳಿಗೇ ಮುಟ್ಟಿಸಿಕೊಂಡು ಹೊರಗೆ ಬಂದ. ತಲೆ ಎತ್ತದೆ ಉಂಡು ಹೋಗುವ ಬೊಮ್ಮಣ್ಣ ಗಿರಣಿಯ ಆಳೊಬ್ಬನ ಕಣಕಾಲನ್ನು ಹಿಡಿದರೆ ಬಿಡಿಸಲು ಅಂಪೈರೇ ಬರಬೇಕಾಯಿತು. ಅಜ್ಜಪ್ಪ ದಾಳಿಗೆ ಹೊರಟಾಗ ಅವನ ಹೊಟ್ಟೆ ಒಳಗೆ ಸೆಳೆದುಕೊಂಡದ್ದು ಅವಳಿಗೆ ಕಾಣಿಸಿತು. ಅವನು ಬಗ್ಗಿ, ಕುಂಟುವ ಕಾಲಿನದೇ ಆಸೆ ತೋರಿಸಿ, ಹಿಡಿಯಲು ಬಂದ ಇಬ್ಬರನ್ನು ಮುಟ್ಟಿ ಗೆರೆಗೆ ಬಿದ್ದ. ಅವಳು ಉಸಿರು ಬಿಟ್ಟದ್ದು ಅವನು ಬಿದ್ದ ಮೇಲೆಯೇ.

"ಅಕ್ಕಾ, ನನ್ನ ಮಂಡಕ್ಕಿ ತುಳೀತೀಯಲ್ಲ!" ಎಂದಳು ಹಜೀರಾಬೀ.

ಗಿರಣಿಯವರ ಗುಂಪಿನಲ್ಲಿದ್ದ ಕಲ್ಲೇಶಪ್ಪ ಹೆಂಡತಿಯನ್ನು ಕಂಡು ದಾಟಿ ಬಂದ. "ನೀನೇನೇ ಇಲ್ಲಿ?"

"ಮಂಡಕ್ಕಿ ಬೇಕೇನ್ರಿ?"

ಸುತ್ತಲಿನವರು ನಕ್ಕರು, ಅವನಿಗೂ ನಗು ಬಂತು. "ನಿಮ್ಮೂರು ಗೆದ್ರೆ ನಾಳೆ ಗಿರಣ್ಯಾಗ ನಂಗೆ ಉಳಿಗಾಲ ಇಲ್ಲ" ಎನ್ನುತ್ತ ತನ್ನವರ ಕಡೆ ಹೋದ.

ಸೀಟಿ ಊದಿತು. ಅರ್ಧ ಆಟ ಮುಗಿದಿತ್ತು. ಎರಡು ಕಡೆಗೂ ಹದಿನೇಳು ಅಂಕ.

ಬಸವಣ್ಣೆಮ್ಮ ಎದ್ದಳು. ಸೀರೆಯ ಧೂಳು ಕೊಡವಿದಳು. ಹೇಳಿ ಹೋಗೋಣವೆಂದರೆ ಹಜೀರಾಬೀಯ ಮುಂದೆ ಮಂಡಕ್ಕಿಗೆ ಜನ ಮುಗಿಬಿದ್ದಿದ್ದರು. ಅಜ್ಜಪ್ಪ ಬಯಲಿನ ಆ ತುದಿಯಲ್ಲಿ ಮಂಡಿಗೆ ಒದ್ದೆ ಟವೆಲ್ಲು ಸುತ್ತಿಸಿಕೊಳ್ಳುತ್ತಿದ್ದ, ಇವಳತ್ತ ನೋಡಲಿಲ್ಲ. ಗೇಟಿನವರೆಗೆ ನಡೆದು ನಿಂತಳು. ಇಲ್ಲಿಂದ ಎರಡು ಬೀದಿ. ಈಗ ಹೋದರೆ ಒಲೆ ಹಚ್ಚಿ, ಎಸರಿಟ್ಟು, ಹಿಟ್ಟು ನಾದಿ, ಮೊದಲ ರೊಟ್ಟಿ ಉಬ್ಬುವಾಗ ಅವರು ಬಾಗಿಲಲ್ಲಿರುತ್ತಾರೆ. ಹೋಗದಿದ್ದರೆ ಅತ್ತೆಯ ಮುಖ ನಾಲ್ಕು ದಿನ ಬಿಗಿದಿರುತ್ತದೆ, ಕೊಕ್ಕನೂರಿನ ಹೆಂಗಸರು ಬಾವಿಕಟ್ಟೆಯಲ್ಲಿ ಒಂದು ಮಾತು ಆಡುತ್ತಾರೆ. ಆಡಲಿ. ಅದನ್ನು ತಡೆದುಕೊಳ್ಳಬಹುದು. ಅಜ್ಜಪ್ಪ ಇನ್ನು ಅರ್ಧ ಆಟ ಆಡುತ್ತಾನೆ, ಆಮೇಲೆ ಇಲ್ಲ. ಆದರೆ ಅವನಿಗಾಗಿ ಮಾತ್ರ ಎಂದುಕೊಂಡರೆ ಅದು ಸುಳ್ಳು. ಅವಳಿಗೆ ನೋಡಬೇಕಿತ್ತು. ಅವಳಿಗೇ.

ಮತ್ತೆ ಸೀಟಿ ಊದಿತು. ಅವಳು ತಿರುಗಿದಳು. ಬುಟ್ಟಿಯ ಹಿಂದೆ ಈಗ ಜಾಗ ಇರಲಿಲ್ಲ. ಕೊಕ್ಕನೂರಿನ ಬದಲಿ ಆಟಗಾರರು ಕೂತಿದ್ದ ಕಡೆ, ಗೆರೆಯ ಪಕ್ಕದಲ್ಲೇ, ಒಬ್ಬರು ಕೂರುವಷ್ಟು ನೆಲ ಖಾಲಿ ಇತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು.