ಮೇಡಂ ಕೊಟ್ಟ ಟ್ಯಾಬು

ಹನುಮವ್ವನಿಗೆ ಹೇಸಿಗೆ ಬಹಳ. ಮಂದಿಯ ಮನೆಯ ಕಸ ಬಳಿದು, ಎಂಜಲು ತಟ್ಟೆ ತೊಳೆದು, ಬಚ್ಚಲು ತಿಕ್ಕಿ ಹೊಟ್ಟೆ ಹೊರೆಯುವ ಹೆಂಗಸಿಗೆ ಹೇಸಿಗೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಹೇಸಿಗೆ ಇಲ್ಲದವರು ಬಚ್ಚಲನ್ನು ಹೇಗೆ ತೊಳೆಯುತ್ತಾರೆಂದು ತಿಳಿಯಬೇಕಾದರೆ ಯಾವುದಾದರೂ ಬಸ್ ನಿಲ್ದಾಣದ ಪಾಯಿಖಾನೆಗೆ ಹೋಗಿ ನೋಡಿ ಬರಬಹುದು. ಹನುಮವ್ವ ತಿಕ್ಕಿದ ಬಚ್ಚಲಿನಲ್ಲಿ ಎಲೆ ಹಾಕಿ ಊಟ ಮಾಡಬಹುದಿತ್ತು.

ಯಾದಗಿರಿ ಕಡೆಯಿಂದ ಗಂಡ ಮಲಕಪ್ಪನ ಜೊತೆ ಅವಳು ಬೆಳ್ಳಂದೂರಿಗೆ ಬಂದದ್ದು ಕಾಂಕ್ರೀಟು ಹೊರಲು. ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೆಲವಕ್ಕೆ ಅವಳ ತಲೆಯ ಮೇಲಿನ ಬುಟ್ಟಿಯಿಂದಲೂ ಕಾಂಕ್ರೀಟು ಬಿದ್ದಿದೆ. ಸೊಂಟ ಹಿಡಿದುಕೊಂಡ ಮೇಲೆ ಮನೆಗೆಲಸಕ್ಕೆ ಸೇರಿದಳು. ಕೆರೆಯ ಹತ್ತಿರ ಸಾಲಾಗಿ ನಿಂತ ತಗಡಿನ ಖೋಲಿಗಳಲ್ಲಿ ಒಂದು ಅವರದು. ಜೋರು ಮಳೆ ಬಂದ ಮರುದಿನ ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೆ, ಹೊಸ್ತಿಲಿಗೆ, ಒಣಗಲು ಹಾಕಿದ ಸೀರೆಯ ಮೇಲೆ ಬಂದು ಕೂರುತ್ತಿತ್ತು. ಕಾರಿನಲ್ಲಿ ಹೋಗುವವರು ಇಳಿದು ಫೋಟೋ ತೆಗೆಯುತ್ತಿದ್ದರು. ಹನುಮವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಅದೇ ಸೀರೆಯನ್ನು ಮತ್ತೆ ಒಗೆಯುತ್ತಿದ್ದಳು. ಇಡೀ ಊರಿನ ಬಚ್ಚಲ ನೀರನ್ನು ಒಂದು ಕಡೆ ನಿಲ್ಲಿಸಿ, ಅದರ ಎದುರು ಮನೆ ಕಟ್ಟಿ, ಲೇಕ್ ವ್ಯೂ ಎಂದು ಬೋರ್ಡು ಹಾಕಿ ಮಾರುವವರನ್ನು ನೆನೆಸಿಕೊಂಡು ಆ ಸೀರೆಯನ್ನು ಇನ್ನೆರಡು ಸಲ ಕಲ್ಲಿಗೆ ಬಡಿಯುತ್ತಿದ್ದಳು.

ಅದಕ್ಕಿಂತ ಹೆಚ್ಚಿನ ಹೇಸಿಗೆ ದಾನದ್ದು. ಅವಳು ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಹಾಳಾದದ್ದನ್ನು ಯಾರೂ ಬಿಸಾಡುತ್ತಿರಲಿಲ್ಲ, ಕೆಲಸದವರಿಗೆ ಕೊಡುತ್ತಿದ್ದರು. ಹುಳಿ ಬಂದು ಉಕ್ಕಿದ ದೋಸೆ ಹಿಟ್ಟು, ಮುಚ್ಚಳ ಕಳೆದ ಫ್ಲಾಸ್ಕು, ಕಂಕುಳಲ್ಲಿ ಬೆವರಿನ ಕಲೆ ಹಳದಿಗಟ್ಟಿದ ಚೂಡಿದಾರ. ಕೊಡುವವರ ಮುಖದಲ್ಲಿ ಪುಣ್ಯ ಹೊಳೆಯುತ್ತಿತ್ತು. ತೆಗೆದುಕೊಳ್ಳುವವಳು ಹಲ್ಲು ಬಿಡಬೇಕಿತ್ತು. ಆಮೇಲೆ ಒಂದು ಚೀಟಿ ಬರೆದುಕೊಡುತ್ತಿದ್ದರು. ಗೇಟಿನಲ್ಲಿ ಕೆಲಸದವರ ಚೀಲ ಬಿಚ್ಚಿಸಿ ನೋಡುವ ಪದ್ಧತಿ ಇತ್ತು, ಚೀಟಿಯಿಲ್ಲದೆ ಒಂದು ಚಮಚವೂ ಹೊರಗೆ ಹೋಗುವಂತಿರಲಿಲ್ಲ. ಹಳಸಿದ ಹಿಟ್ಟಿಗೂ ಸಹಿ! ಹನುಮವ್ವ ಹಲ್ಲು ಬಿಟ್ಟು, ಚೀಟಿ ತೋರಿಸಿ, ತಿರುವಿನ ಕಸದ ತೊಟ್ಟಿಗೆ ಎಲ್ಲವನ್ನೂ ಸುರಿದು, ನಲ್ಲಿಯಲ್ಲಿ ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದಳು. ನಾಯಿಗೂ ಹಾಕುತ್ತಿರಲಿಲ್ಲ. ಪಾಪ, ನಾಯಿ ಏನು ತಪ್ಪು ಮಾಡಿತ್ತು?

ಇಂಥ ಹೆಂಗಸು ಒಂಬತ್ತನೇ ಮಹಡಿಯ ಮೇಡಂ ಕೊಟ್ಟ ಹಳೆಯ ಟ್ಯಾಬನ್ನು ಎದೆಗೆ ಅವುಚಿಕೊಂಡು ಮನೆಗೆ ತಂದಳು ಎಂದರೆ ಅದಕ್ಕೆ ಕಾರಣವಿರಲೇಬೇಕು. ಕಾರಣ ಮಗ ಮುತ್ತು.

ಮುತ್ತುವಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಹಾಗಾಗಿ ಮಾತೂ ಬರಲಿಲ್ಲ. ತಾಯಿ ಮಗ ಸೇರಿ ತಮಗೆ ಬೇಕಾದ ಸನ್ನೆಗಳನ್ನು ತಾವೇ ಮಾಡಿಕೊಂಡಿದ್ದರು. ಹೊಟ್ಟೆ ಮುಟ್ಟಿದರೆ ಊಟ, ಮೀಸೆ ತಿರುವಿದರೆ ಅಪ್ಪ, ಮೂಗು ಮುಚ್ಚಿದರೆ ಕೆರೆ. ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅವನನ್ನು ಕಲಬುರಗಿಯ ಕಿವುಡ ಮಕ್ಕಳ ವಸತಿ ಶಾಲೆಗೆ ಬಿಟ್ಟು ಬಂದರು. ಅಲ್ಲಿಂದ ಮಗನ ಜೊತೆ ಮಾತು ನಿಂತಿತು. ಭಾನುವಾರ ಮಧ್ಯಾಹ್ನ ಮಲಕಪ್ಪನ ಗುಂಡಿ ಮೊಬೈಲಿನಿಂದ ಹಾಸ್ಟೆಲಿನ ವಾರ್ಡನ್ ಅನುಸೂಯಮ್ಮನಿಗೆ ಫೋನು ಮಾಡುವುದು, "ಆರಾಮ ಅದಾನ, ಉಂಡಾನ" ಎಂದು ಕೇಳಿಸಿಕೊಳ್ಳುವುದು. ಆಮೇಲೆ ಅನುಸೂಯಮ್ಮ ಫೋನನ್ನು ಹುಡುಗನ ಬಾಯಿಯ ಹತ್ತಿರ ಹಿಡಿಯುತ್ತಿದ್ದಳು. ಉಸಿರು ಕೇಳಿಸುತ್ತಿತ್ತು. ಅಷ್ಟಕ್ಕೇ ಹನುಮವ್ವ ವಾರವಿಡೀ ಕಾಯುತ್ತಿದ್ದಳು.

"ನನ್ನ ಫೋನಿನ್ಯಾಗ ಮುಖ ಕಾಣ್ತೈತ್ರಿ," ಎಂದು ಒಮ್ಮೆ ಅನುಸೂಯಮ್ಮನೇ ಹೇಳಿದಳು. "ನೀವೂ ಅಂಥಾದ್ದೊಂದು ಮಾಡ್ಕೋರಿ. ಅವಾ ಕೈ ಮಾಡಿ ಮಾತಾಡ್ತಾನ, ನೀವು ನೋಡ್ತೀರಿ."

ಹೀಗಾಗಿ ಮೇಡಂ ತಮ್ಮ ಮಗನಿಗೆ ಹೊಸ ಟ್ಯಾಬು ಬಂದಿತೆಂದು ಹಳೆಯದನ್ನು ಕೊಟ್ಟಾಗ ಹನುಮವ್ವ ಮೊದಲ ಸಲ ನಿಜವಾಗಿ ನಕ್ಕಳು. ಅದರ ಮೈಗೆಲ್ಲ ಬಿಸ್ಕತ್ತಿನ ಅಂಟು, ಅಂಚಿನಲ್ಲಿ ಒಣಗಿದ ಸಿಂಬಳ, ಬೆನ್ನಿಗೆ ಅರ್ಧ ಕಿತ್ತ ಕಾರ್ಟೂನು ಸ್ಟಿಕ್ಕರು. ಮೂಗು ಹಿಂಡಿಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಮಾಡಿದಳು. ಅನುಸೂಯಮ್ಮನಿಗೆ ಸುದ್ದಿ ಮುಟ್ಟಿಸಿ, ಮರುದಿನ ಮತ್ತೆ ಫೋನು ಮಾಡಿದಳು. "ಹುಡುಗಗ ಹೇಳಿಬಿಟ್ಟೀನ್ರಿ, ಈ ಭಾನುವಾರ ನಿಮ್ಮವ್ವ ಕಾಣ್ತಾಳಂತ," ಎಂದಳು ಅನುಸೂಯಮ್ಮ. "ನಿನ್ನಿಯಿಂದ ಕುಣ್ಯಾಕತ್ತಾನ."

ಶನಿವಾರ ಸಂಜೆ ಅದನ್ನು ರಾಜೇಂದ್ರನ ಮೊಬೈಲ್ ಅಂಗಡಿಗೆ ತೆಗೆದುಕೊಂಡು ಹೋದಳು. ರಾಜೇಂದ್ರ ಬೆಳ್ಳಂದೂರಿನ ಹಳೇ ಊರಿನವನು. ಅಪ್ಪನ ಕಾಲದಲ್ಲಿ ದನ ಕಟ್ಟುತ್ತಿದ್ದ ಕೊಟ್ಟಿಗೆಗೇ ಗಾಜಿನ ಬಾಗಿಲು ಹಾಕಿ ಅಂಗಡಿ ಮಾಡಿದ್ದ. ಟ್ಯಾಬನ್ನು ಕೈಗೆ ತೆಗೆದುಕೊಂಡವನೇ ಗಾಜಿನ ಮೇಲೆ ಥೂ ಎಂದು ಉಗುಳಿ ಶರ್ಟಿನ ತುದಿಯಿಂದ ಒರೆಸಿದ. ಹನುಮವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಸಾಲದ್ದಕ್ಕೆ ಅವನ ಬಾಯಲ್ಲಿ ಗುಟ್ಕಾ ಬೇರೆ.

"ಮುಖ ಕಾಣೋ ಆ್ಯಪ್ ತಾನೆ? ಸ್ಟೋರಿಂದ ಇಳಿಸಿದ್ರೆ ಮುಗೀತು, ಎರಡು ನಿಮಿಷದ ಕೆಲ್ಸ ಕಣಕ್ಕ," ಎಂದ.

ಸ್ಟೋರು ತೆರೆಯಲಿಲ್ಲ. ಬೆಳ್ಳಗಿನ ತೆರೆಯ ನಡುವೆ ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ರಾಜೇಂದ್ರ ತನ್ನ ಫೋನಿನ ನೆಟ್ ಕೊಟ್ಟು ನೋಡಿದ. ಟ್ಯಾಬಿನ ತಾರೀಖು ಯಾವುದೋ ಹಳೇ ವರ್ಷದಲ್ಲೇ ನಿಂತಿತ್ತು. "ತಾರೀಕು ತಪ್ಪಿದ್ರೆ ಸ್ಟೋರು ನಂಬಲ್ಲ," ಎಂದು ಸರಿಮಾಡಿದ. ಚಕ್ರ ತಿರುಗಿತು. ಒಳಗೆ ಜಾಗವಿಲ್ಲವೆಂದು ಮೇಡಂ ಮಗನ ಕಾರ್ಟೂನುಗಳನ್ನೆಲ್ಲ ಅಳಿಸಿದ. ಸ್ಟೋರಿನ ಹಳೇ ಕಸ ಕ್ಲಿಯರ್ ಮಾಡ್ತೀನಿ ಎಂದು ಅದನ್ನೂ ಒತ್ತಿದ. ಇದರ ಒಳಗೂ ಕಸವೇ, ಅದನ್ನೂ ಬಳಿದೇ ಕೊಡಬೇಕೇನು ಇವರಿಗೆ, ಎಂದು ಹನುಮವ್ವ ಮನಸ್ಸಿನಲ್ಲೇ ಶಪಿಸಿದಳು. ಆಫ್ ಮಾಡಿ ಆನ್ ಮಾಡಿದ. ಈ ಸಲ ಚಕ್ರ ನಿಂತು ಒಂದು ಸಾಲು ಬರಹ ಬಂದಿತು.

"ಓ, ಇಂಗಾ ಸಮಾಚಾರ!" ಎಂದ ರಾಜೇಂದ್ರ. "ಇದು ಇನ್ನೂ ನಿಮ್ ಮೇಡಂ ಹೆಸರಲ್ಲೇ ಐತೆ. ಅವ್ರು ಪಾಸ್‌ವರ್ಡ್ ಬದಲಾಯ್ಸಿಬಿಟ್ಟವ್ರೆ. ಹೊಸಾದು ಹೊಡೆದ್ರೇನೇ ಸ್ಟೋರ್ ಓಪನ್ ಆಗೋದು. ಪೂರ್ತಿ ಅಳಿಸಿದ್ರೂ ಅದನ್ನೇ ಕೇಳ್ತದೆ." ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಎತ್ಕೊಂಡ್ ಬಂದಿದ್ದಲ್ಲ ತಾನೆ ಅಕ್ಕ?"

ಹನುಮವ್ವ ಸೆರಗಿನ ಗಂಟು ಬಿಚ್ಚಿ ಗೇಟಿನ ಚೀಟಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಅವನು ಅದರ ಕಡೆ ನೋಡಲೂ ಇಲ್ಲ. ಅವನ ಕಣ್ಣು ಟ್ಯಾಬಿನಲ್ಲಿತ್ತು, ಬೆರಳು ತೆರೆಯನ್ನು ಒಂದೊಂದಾಗಿ ಸರಿಸುತ್ತಿತ್ತು, ತುಟಿ ಅಗಲವಾಗುತ್ತಿತ್ತು. ಬಗ್ಗಿ ನೋಡಿದರೆ ಮೇಡಂನ ಫೋಟೋಗಳು. ಯಾವುದೋ ಸಮುದ್ರದ ದಂಡೆ, ಮೈಗೆ ಅಂಟಿದ ಈಜುಡುಗೆ. ರಾಜೇಂದ್ರ ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸುತ್ತಿದ್ದ.

"ಸಕ್ಕತ್ತಾಗವ್ರೆ," ಎಂದ. "ಅಕ್ಕ, ಒಂದ್ ಕೆಲ್ಸ ಮಾಡು. ಇದನ್ನ ಇವತ್ತು ಇಲ್ಲೇ ಬಿಟ್ಟೋಗು. ನಮ್ಮುಡುಗ ಒಬ್ಬ ಅವ್ನೆ, ಪಾಸ್‌ವರ್ಡ್ ಇಲ್ದಂಗೆ ಒಡೆದು ಕೊಡ್ತಾನೆ. ಬೆಳಿಗ್ಗೆ ಬಾ, ನಿನ್ ಮಗನ್ ಜೊತೆ ಮಾತಾಡು. ಒಂದ್ ಪೈಸಾ ಬ್ಯಾಡ."

ಹನುಮವ್ವನಿಗೆ ಮಗನ ಮುಖ ಕಣ್ಣಮುಂದೆ ಬಂದಿತು. ಬಿಟ್ಟು ಹೋದರೆ ನಾಳೆ ಅವನು ಕಾಣುತ್ತಾನೆ, ಇವನು ಪುಕ್ಕಟೆ ಮಾಡಿಕೊಡುತ್ತಾನೆ. ಯಾಕೆ ಪುಕ್ಕಟೆ ಎಂಬುದೂ ಆ ಹಿಗ್ಗಿಸುತ್ತಿದ್ದ ಬೆರಳುಗಳಲ್ಲಿ ಕಾಣುತ್ತಿತ್ತು. ಮೇಡಂ ಮೇಲೆ ಅವಳಿಗೆ ಪ್ರೀತಿಯೇನೂ ಉಕ್ಕಿ ಹರಿಯುತ್ತಿರಲಿಲ್ಲ. ಆದರೂ ಹೆಣ್ಣಿನ ಮೈಯನ್ನು ಹೀಗೆ ಗುಟ್ಕಾ ಜಗಿಯುತ್ತ ಉಜ್ಜುವ ಈ ಬೆರಳಿನಿಂದ ಮುತ್ತುವಿನ ಮುಖ ಬರುವುದಾದರೆ ಅದನ್ನು ತಾನು ನೋಡಲಾರೆ ಎನ್ನಿಸಿತು.

"ಥೂ ನಿನ್ನ ಬಾಯಾಗ ಮಣ್ಣ ಹಾಕಲಿ," ಎಂದು ಟ್ಯಾಬನ್ನು ಕಸಿದುಕೊಂಡು ಹೊರಗೆ ಬಂದಳು. ಮನೆಗೆ ಹೋದವಳು ಅದನ್ನು ಇನ್ನೊಮ್ಮೆ ಒರೆಸಿದಳು.

ಭಾನುವಾರ ಒಂಬತ್ತನೇ ಮಹಡಿಯಲ್ಲಿ ನೆಂಟರು ತುಂಬಿದ್ದರು. ಸಿಂಕಿನಲ್ಲಿ ಪಾತ್ರೆಯ ರಾಶಿ, ಕೋಳಿ ಮೂಳೆ, ಅದರ ಮೇಲೆ ಯಾರೋ ಒತ್ತಿ ಆರಿಸಿದ ಸಿಗರೇಟಿನ ತುಂಡು. ಹನುಮವ್ವ ಪಾತ್ರೆಗೆ ಕೈ ಹಾಕಲಿಲ್ಲ. ಮೇಡಂ ಅಡುಗೆಮನೆಗೆ ಬಂದ ತಕ್ಷಣ ಟ್ಯಾಬು ಮುಂದೆ ಹಿಡಿದಳು.

"ಮೇಡಂ, ಇದಕ್ಕ ಪಾಸ್‌ವರ್ಡ್ ಬೇಕಂತ್ರಿ. ಸ್ಟೋರು ತೆರಿಯವಲ್ದು. ನನ್ನ ಮಗಾ ಈಗ ಫೋನಿನ ಮುಂದ ಕುಂತಿರ್ತಾನ್ರಿ."

"ನನ್ ಪಾಸ್‌ವರ್ಡ್ ನಿಂಗ್ಯಾಕೆ?" ಎಂದು ಮೇಡಂ ಟ್ಯಾಬು ತೆಗೆದುಕೊಂಡರು. ಒಂದೆರಡು ಸಲ ಬೆರಳಾಡಿಸಿದರು. ಮುಖದ ಬಣ್ಣ ಹೋಯಿತು. "ಅಯ್ಯೋ ದೇವ್ರೇ, ಇದರಲ್ಲಿ ನನ್ ಫೋಟೋಸ್ ಎಲ್ಲಾ ಹಾಗೇ ಇದೆ! ಯಾರ್ಯಾರಿಗೆ ತೋರ್ಸಿದ್ಯಾ ಇದನ್ನ? ಹೇಳು, ಯಾರಿಗೆ ಕೊಟ್ಟಿದ್ದೆ?"

"ಅಂಗಡ್ಯಾಗ ರಿಪೇರಿಗೆ ಒಯ್ದಿದ್ದೆ. ಅವಾ ನೋಡಿದಾ. ನಾ ಕಸಗೊಂಡು ಬಂದೆ."

"ನೋಡಿದ್ನಾ?" ಮೇಡಂ ಧ್ವನಿ ಏರಿತು. "ನಿಮ್ಮಂಥೋರಿಗೆ ಒಳ್ಳೇದು ಮಾಡೋಕೆ ಹೋದ್ರೆ ಹೀಗೇ ಆಗೋದು. ಇದು ಇಲ್ಲೇ ಇರ್ಲಿ. ಟೈಮ್ ಸಿಕ್ದಾಗ ನೋಡ್ತೀನಿ. ಹೋಗು, ಪ್ಲೇಟ್ಸ್ ತೊಳಿ, ಎಲ್ರೂ ಕಾಯ್ತಿದಾರೆ." ಟ್ಯಾಬನ್ನು ಡ್ರಾಯರಿಗೆ ಹಾಕಿ ಮುಚ್ಚಿದರು.

ಇಷ್ಟು ವರ್ಷ ಹನುಮವ್ವ ನುಂಗಿಕೊಂಡದ್ದು ಆಗ ಹೊರಗೆ ಬಂದಿತು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತೇನೋ, ಮೆಲ್ಲಗೆ ಹೇಳಿದ್ದರಿಂದ ಹಾಲ್‌ನಲ್ಲಿ ಕೂತಿದ್ದ ನೆಂಟರೂ ಮಾತು ನಿಲ್ಲಿಸಿ ಕೇಳಿಸಿಕೊಂಡರು.

"ಮೇಡಂ, ನಿಮ್ಮ ಬಚ್ಚಲ ಜಾಲರ್ಯಾಗಿನ ಕೂದಲ ದಿನಾ ಕೈಲೆ ತಗಿಯಾಕಿ ನಾನು. ನಿಮ್ಮ ಹಾಸಿಗಿ ಕೊಡವಾಕಿ ನಾನು. ನಿಮ್ಮದು ನಾ ನೋಡದ ಇರೋದು ಏನು ಉಳದೈತ್ರಿ? ಯಾರ ಮುಂದರ ಒಂದು ಮಾತು ಆಡೀನೇನು? ಆ ಫೋಟೋ ತಗದು ಒಲಿಗೆ ಹಾಕ್ರಿ. ಆದರ ಕೊಟ್ಟದ್ದು ಕೊಟ್ಟಂಗ ಇರಲಿ. ನನ್ನ ಮಗನ ಮಾರಿ ನೋಡೂತನ ನಾ ಈ ಪಾತ್ರಿ ಮುಟ್ಟಂಗಿಲ್ಲ."

ಮೇಡಂ ನೆಂಟರ ಕಡೆ ನೋಡಿದರು, ಸಿಂಕಿನ ಕಡೆ ನೋಡಿದರು. ಮುಖ ಕೆಂಪಾಗಿತ್ತು. ನಾಚಿಕೆಯೋ, ತಟ್ಟೆ ಇಲ್ಲದ ಗಾಬರಿಯೋ ಯಾರು ಬಲ್ಲರು. ಡ್ರಾಯರು ತೆರೆದು, ಒಂದೊಂದೇ ಫೋಟೋ ಅಳಿಸಿ, ಹನುಮವ್ವನಿಗೆ ಬೆನ್ನು ಮಾಡಿ ನಿಂತು ಪಾಸ್‌ವರ್ಡ್ ಹೊಡೆದರು. ಅಷ್ಟು ಆಟವಾಡಿಸಿದ ಸ್ಟೋರು ಪಟ್ಟನೆ ತೆರೆದುಕೊಂಡಿತು. ಬಣ್ಣಬಣ್ಣದ ಚೌಕಗಳು. ಮೇಡಂ ಆ್ಯಪ್ ಇಳಿಸಿ, ಅನುಸೂಯಮ್ಮನ ನಂಬರು ಕೇಳಿ ಒತ್ತಿ, "ಬೇಗ ಮುಗ್ಸು," ಎಂದು ಅವಳ ಕೈಗೆ ಕೊಟ್ಟು ಹೋದರು.

ಹನುಮವ್ವ ವಾಷಿಂಗ್ ಮಷೀನಿನ ಪಕ್ಕ ನೆಲದ ಮೇಲೆ ಕೂತಳು. ಮೊದಲು ಅನುಸೂಯಮ್ಮನ ಗಲ್ಲ ಕಂಡಿತು, ಆಮೇಲೆ ಒಂದು ಗೋಡೆ, ಆಮೇಲೆ ಮುತ್ತು. ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಕೆನ್ನೆ ತುಂಬಿಕೊಂಡಿತ್ತು. ಅವಳನ್ನು ಕಂಡವನೇ ಬಾಯಿ ತೆರೆದು ಕುಣಿದ. ಹನುಮವ್ವ ಅಳುತ್ತ ನಗುತ್ತ ಹೊಟ್ಟೆ ಮುಟ್ಟಿ ತೋರಿಸಿದಳು, ಉಂಡೆಯಾ?

ಅವನು ತಲೆಯಾಡಿಸಿದ. ಆಮೇಲೆ ಅವನ ಎರಡೂ ಕೈಗಳು ಎದ್ದವು. ಬೆರಳುಗಳು ಅಂಗೈಗೆ ಬಡಿದವು, ಹಣೆಗೆ ಹೋದವು, ಗಾಳಿಯಲ್ಲಿ ಸುತ್ತಿದವು, ಮಡಚಿದವು, ಬಿಡಿಸಿಕೊಂಡವು. ಅಷ್ಟು ವೇಗ. ಅವನ ಹಿಂದೆ ನಿಂತಿದ್ದ ಇನ್ನೊಬ್ಬ ಹುಡುಗ ಅದನ್ನು ನೋಡಿ ನಕ್ಕ, ಅವನಿಗೆ ಅರ್ಥವಾಗಿತ್ತು. ಹನುಮವ್ವನಿಗೆ ಒಂದೂ ಅರ್ಥವಾಗಲಿಲ್ಲ. ಅದು ಶಾಲೆಯಲ್ಲಿ ಕಲಿತ ಮಾತು. ತಾವಿಬ್ಬರೂ ಮಾಡಿಕೊಂಡಿದ್ದ ಸನ್ನೆಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಇಷ್ಟು ದಿನ ಊರಿಗೆಲ್ಲ ಹೇಸಿಕೊಂಡವಳಿಗೆ ಆ ಗಳಿಗೆಯಲ್ಲಿ ತನ್ನ ಮೇಲೆಯೇ ಹೇಸಿಗೆ ಬಂದಿತು. ಮಗ ಮಾತು ಕಲಿಯುತ್ತಾನೆ, ಆ ಮಾತು ತನಗೂ ಬರಬೇಕು ಎಂದು ಒಂದು ದಿನವಾದರೂ ಯೋಚಿಸಿದ್ದಳೇ?

ಮುತ್ತುವಿನ ಕೈ ನಿಂತಿತು. ಕಣ್ಣು ಕಿರಿದು ಮಾಡಿ ಅವ್ವನ ಮುಖವನ್ನೇ ನೋಡಿದ. ಫೋನಿನ ಹತ್ತಿರಕ್ಕೆ ಸರಿದು, ಒಂದೇ ಒಂದು ಸನ್ನೆಯನ್ನು ಬಹಳ ನಿಧಾನವಾಗಿ ಮಾಡಿ, ಅವಳ ಕಡೆ ಬೆರಳು ತೋರಿಸಿದ. ಮಾಡು ಎಂದು. ಅವಳು ಒದ್ದೆ ಕಣ್ಣು ಒರೆಸಿಕೊಂಡು ಮಾಡಿದಳು. ಅವನು ತಲೆ ಅಡ್ಡ ಆಡಿಸಿದ. ಮೂರು ಬೆರಳಲ್ಲ, ಎರಡು. ಮತ್ತೆ ತೋರಿಸಿದ. ಅವಳು ಒಂದು ಬೆರಳು ಮಡಚಿ ಮತ್ತೆ ಮಾಡಿದಳು.

"ಹನುಮವ್ವಾ! ಆಯ್ತಾ ನಿಂದು? ಪ್ಲೇಟ್ಸ್ ಎಲ್ಲಿ?" ಎಂದು ಒಳಗಿನಿಂದ ಮೇಡಂ ಕೂಗಿದರು.

"ತಡೀರಿ!" ಎಂದು ಹನುಮವ್ವ ತೆರೆಯಿಂದ ಕಣ್ಣು ಕೀಳದೆ ಕೂಗಿದಳು. "ನನ್ನ ಮಗಾ ಮಾತಾಡಾಕತ್ತಾನ!"